ಸೀಲ್ ಬಿಚ್ಚುವ ಮೊದಲು ಬ್ರೆದರ್ ಊದಿ ನೋಡಿ: ಮುಂದಿನ ಆಕ್ಸಲ್ ಎಣ್ಣೆ ಸೋರಿಕೆಯ ದೋಷ ನಿವಾರಣೆ

ಕಳೆದ ಮಳೆಗಾಲದಲ್ಲಿ ಪುಣೆ ಹತ್ತಿರದ ತಾಮ್ಹಿಣಿ ಘಾಟಿಗೆ ಹೋಗಿ ಬಂದ ಮೂರನೆಯ ದಿನ ನಮ್ಮ ಸೊಸೈಟಿಯ ಕಾವಲುಗಾರ ಬಾಗಿಲು ತಟ್ಟಿ, ಗಾಡಿಯ ಕೆಳಗೆ ಎಣ್ಣೆ ಬಿದ್ದಿದೆ ಎಂದು ಹೇಳಿ ಹೋದ. ಇಳಿದು ನೋಡಿದೆ. ಮುಂದಿನ ಎಡ ಗಾಲಿಯ ಒಳಮಗ್ಗುಲಿಗೆ, ನೆಲದ ಟೈಲ್ಸ್ ಮೇಲೆ ಅಂಗೈಯಗಲದ ಕಪ್ಪು ಕಲೆ. ಗಾಡಿ ನನ್ನ ಹಳೆಯ ಮಾರುತಿ ಜಿಪ್ಸಿ ಕಿಂಗ್ ಜೀಪು: 1.3 ಲೀಟರ್ ಪೆಟ್ರೋಲ್ ಎಂಜಿನ್, ಹಿಂದೆ ಮುಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್, ಮುಂದೆಯೂ ಒಂದೇ ತೊಲೆಯಂತಿರುವ ಗಟ್ಟಿ ಆಕ್ಸಲ್. ಆ ಕಲೆ ಹೋಗಲು ಎರಡು ತಿಂಗಳು, ಮೂರು ಗ್ಯಾರೇಜು ಮತ್ತು ಮನೆಯವರ ಸಾಕಷ್ಟು ಮಾತು ಬೇಕಾದವು. ನಿಜವಾದ ದುರಸ್ತಿಗೆ ಹಿಡಿದದ್ದು ಒಂದು ವಾರಾಂತ್ಯ ಮಾತ್ರ. ಉಳಿದದ್ದೆಲ್ಲ ತಪ್ಪು ಜಾಗದಲ್ಲಿ ಹುಡುಕಿದ್ದಕ್ಕೆ ತೆತ್ತ ದಂಡ. ಆ ದಂಡ ನಿಮಗೆ ಬೀಳದಿರಲಿ ಎಂದು, ಹುಡುಕಬೇಕಾದ ಕ್ರಮವನ್ನು ಬರೆದಿಡುತ್ತಿದ್ದೇನೆ.

ನೆಲದ ಮೇಲೆ ಬಿದ್ದಿರುವುದು ಏನು?

ಮೊದಲು ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿ. ಗಾಡಿಯ ಮುಂಭಾಗದಲ್ಲಿ ಸೋರಬಲ್ಲ ದ್ರವಗಳು ನಾಲ್ಕೈದು ಇವೆ. ಒಂದೊಂದಕ್ಕೂ ಅದರದೇ ಗುಣ. ಎಂಜಿನ್ ಎಣ್ಣೆ ಕಂದು ಅಥವಾ ಕಪ್ಪು, ಸುಟ್ಟ ವಾಸನೆ. ಕೂಲೆಂಟ್ ಬಣ್ಣದ್ದು, ಸ್ವಲ್ಪ ಸಿಹಿ ವಾಸನೆ, ಒಣಗಿದರೆ ಅಂಟು. ಬ್ರೇಕ್ ಆಯಿಲ್ ತೆಳ್ಳಗಿದ್ದು ನೀರು ಹಾಕಿ ತಿಕ್ಕಿದರೆ ತೊಳೆದುಹೋಗುತ್ತದೆ. ಹಾಗೆ ತೊಳೆದುಹೋಯಿತು ಎಂದಾದರೆ ಈ ಬರಹವನ್ನು ಇಲ್ಲಿಗೇ ಬಿಟ್ಟು, ಗಾಡಿಯನ್ನು ಇದ್ದಲ್ಲೇ ನಿಲ್ಲಿಸಿ ಬ್ರೇಕ್ ಕೆಲಸ ಬಲ್ಲವರನ್ನು ಕರೆಸಿ.

ಆಕ್ಸಲ್‌ನೊಳಗಿನದು ಗೇರ್ ಆಯಿಲ್. ಮಿಸ್ತ್ರಿಗಳ ಬಾಯಲ್ಲಿ ಅದು ‘90 ನಂಬರ್’. ಜೇನಿನಂತೆ ಮಂದ. ಎಂಜಿನ್ ಕಡೆಯ ತಿರುಗುವಿಕೆಯನ್ನು ಗಾಲಿಗಳ ಕಡೆಗೆ ದಾಟಿಸುವ ಕ್ರೌನ್ ಮತ್ತು ಪಿನಿಯನ್ ಎಂಬ ಗೇರುಗಳ ಹಲ್ಲುಗಳು ಒಂದರ ಮೇಲೊಂದು ಜಾರಿಕೊಂಡು ತಿರುಗುವುದರಿಂದ, ಅವು ಸವೆಯದಂತೆ ಈ ಎಣ್ಣೆಗೆ ಗಂಧಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಆ ಗಬ್ಬು ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಮರೆಯುವುದಿಲ್ಲ. ಅಂಗಿಗೆ ತಾಗಿದರೆ ಮನೆಯವರೂ ಮರೆಯುವುದಿಲ್ಲ.

ನನ್ನ ಕಲೆ ಇವುಗಳಲ್ಲಿ ಯಾವುದೂ ಆಗಿರಲಿಲ್ಲ. ವಾಸನೆ ಗೇರ್ ಆಯಿಲ್‌ನದು. ಮೈ ಮಾತ್ರ ಮನೆಯಲ್ಲಿ ಕಾಡಿಗೆ ಮಾಡುವಾಗ ಹರಳೆಣ್ಣೆ ಹೆಚ್ಚಾದರೆ ಆಗುತ್ತದಲ್ಲ, ಹಾಗೆ ಕಪ್ಪಗೆ, ಜಾರುಜಾರಾಗಿ, ಅತ್ತ ಎಣ್ಣೆಯೂ ಅಲ್ಲದ ಇತ್ತ ಗ್ರೀಸೂ ಅಲ್ಲದ ಸ್ಥಿತಿ. ಇಡೀ ರೋಗದ ಸುಳಿವು ಅದರಲ್ಲೇ ಇತ್ತು. ನನಗಾಗಲೀ ಮೊದಲ ಎರಡು ಗ್ಯಾರೇಜಿನವರಿಗಾಗಲೀ ಅದನ್ನು ಓದಲು ಬರಲಿಲ್ಲ, ಅಷ್ಟೆ.

ಒಳಗಿನ ಎರಡು ಕೋಣೆಗಳು

ಈ ಬಗೆಯ ಆಕ್ಸಲ್‌ನ ತುದಿಯಲ್ಲಿ ಒಂದು ಟೊಳ್ಳು ಉಕ್ಕಿನ ಗುಂಡು ಇರುತ್ತದೆ. ಅದನ್ನು ಕವುಚಿಕೊಂಡು ನಕಲ್, ಅಂದರೆ ಗಾಲಿಯನ್ನು ಹೊತ್ತ ಕೀಲು, ಕುಳಿತಿರುತ್ತದೆ. ಮೇಲೊಂದು ಕೆಳಗೊಂದು ಕಿಂಗ್ ಪಿನ್ ಮೇಲೆ, ಬಾಗಿಲು ತಿರುಗುಣಿಯ ಮೇಲೆ ತಿರುಗಿದಂತೆ, ಸ್ಟಿಯರಿಂಗ್ ಹೊರಳಿಸಿದಾಗ ಅದು ತಿರುಗುತ್ತದೆ. ಗುಂಡಿನ ಒಳಗಿರುವುದು ಸಿವಿ ಜಾಯಿಂಟ್, ಗಾಲಿ ಹೊರಳಿದಾಗಲೂ ಶಾಫ್ಟಿನ ತಿರುಗುವಿಕೆಯನ್ನು ಗಾಲಿಗೆ ದಾಟಿಸುವ ಕೀಲು. ಅದರ ಸುತ್ತ ಗ್ರೀಸ್. ಅಂದರೆ ಒಂದೇ ಮನೆಯಲ್ಲಿ ಎರಡು ಕೋಣೆ: ನಡುವಿನ ಹೌಸಿಂಗ್‌ನಲ್ಲಿ (ಆಕ್ಸಲ್‌ನ ಹೊರಚಿಪ್ಪು) ಎಣ್ಣೆ, ತುದಿಯ ನಕಲ್‌ನಲ್ಲಿ ಗ್ರೀಸ್. ಇವೆರಡರ ನಡುವಿನ ಬಾಗಿಲು ಎಂದರೆ ಶಾಫ್ಟ್ ಹಾದುಹೋಗುವಲ್ಲಿ ಕೂತಿರುವ ಒಳಗಿನ ಆಯಿಲ್ ಸೀಲ್. ಹೊರಬಾಗಿಲು ಎಂದರೆ ಗುಂಡಿನ ಮೈಯನ್ನು ಒರೆಸುತ್ತ ಕೂತಿರುವ ದೊಡ್ಡ ರಬ್ಬರ್ ಬಳೆ ಮತ್ತು ಅದರ ಜೊತೆಗಿನ ಫೆಲ್ಟ್ ಪಟ್ಟಿ.

ಹೊರಬಾಗಿಲಿನ ಬಳೆ ಗ್ರೀಸನ್ನು ತಡೆಯಲೆಂದು ಇರುವುದು. ತೆಳ್ಳಗಿನ ಎಣ್ಣೆಯನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಒಳಬಾಗಿಲು ಸೋತು ಎಣ್ಣೆ ಗ್ರೀಸಿನ ಕೋಣೆಗೆ ನುಗ್ಗಿದರೆ ಗ್ರೀಸ್ ಕರಗಿ ಗಂಜಿಯಾಗುತ್ತದೆ. ಆ ಗಂಜಿ ಹೊರಬಾಗಿಲ ಸಂದಿಯಿಂದ ಇಳಿದು ನೆಲಕ್ಕೆ ಬೀಳುತ್ತದೆ. ಕಾಡಿಗೆಯಂಥ ಕಲೆ ಕಂಡರೆ ಎರಡೂ ಬಾಗಿಲು ಹೋಗಿವೆ ಎಂದು ಅರ್ಥ. ಹೊರಗಿನದನ್ನು ಮಾತ್ರ ಬದಲಾಯಿಸಿದರೆ ತಿಂಗಳು ತುಂಬುವಷ್ಟರಲ್ಲಿ ಕಲೆ ಮರಳಿ ಬರುತ್ತದೆ.

ಎಮ್ಮೆಗೆ ಹಾಕಿದ ಬರೆ

ಮೊದಲ ಗ್ಯಾರೇಜಿನವರು ಗಾಡಿಯನ್ನು ಮೇಲೆತ್ತಿ, ಪಿನಿಯನ್ ಸುತ್ತ ಒದ್ದೆ ಇರುವುದನ್ನು ಕಂಡು, ಪಿನಿಯನ್ ಸೀಲ್ ಹೋಗಿದೆ ಎಂದರು. ಬದಲಾಯಿಸಿದರು. ಹಣ ಕೊಟ್ಟೆ. ವಾರದಲ್ಲಿ ಎಡಗಾಲಿಯ ಕೆಳಗೆ ಅದೇ ಕಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ಈಗ ಯೋಚಿಸಿದರೆ ಅಲ್ಲಿ ಅನುಮಾನ ಪಡಲು ಎರಡು ಕಾರಣಗಳಿದ್ದವು. ನನ್ನ ಗಾಡಿಯಲ್ಲಿ ಕೈಯಿಂದ ತಿರುಗಿಸುವ ಫ್ರೀವೀಲ್ ಹಬ್ ಇದೆ. ಊರೊಳಗೆ ಓಡಿಸುವಾಗ ಅದು ಬಿಟ್ಟೇ ಇರುತ್ತದೆ. ಆಗ ಮುಂದಿನ ಗಾಲಿಗಳು ಮಾತ್ರ ತಿರುಗುತ್ತವೆ, ಒಳಗಿನ ಶಾಫ್ಟ್, ಕ್ರೌನ್, ಪಿನಿಯನ್ ಎಲ್ಲ ಸುಮ್ಮನಿರುತ್ತವೆ. ತಿರುಗದ ಪಿನಿಯನ್ ಎಣ್ಣೆಯನ್ನು ಸುತ್ತಲೂ ಎರಚಲಾರದು. ನಿಜವಾಗಿ ಪಿನಿಯನ್ ಸೀಲ್ ಹೋದಾಗ, ಫೋರ್‌ವೀಲ್ ಹಾಕಿ (ಎಂಜಿನ್ ಬಲ ನಾಲ್ಕೂ ಗಾಲಿಗೆ ಹೋಗುವಂತೆ) ಓಡಿಸಿ ಬಂದ ಮೇಲೆ ಗಾಡಿಯ ತಳಕ್ಕೆ ಬಳೆಯಾಕಾರದಲ್ಲಿ ಎಣ್ಣೆ ಸಿಡಿದಿರುತ್ತದೆ. ಅಂಥ ಬಳೆ ಅಲ್ಲಿರಲಿಲ್ಲ. ಎರಡನೆಯದು, ಪಿನಿಯನ್ ಮೇಲಿದ್ದ ಒದ್ದೆಗೆ ಗಂಧಕದ ವಾಸನೆಯೇ ಇರಲಿಲ್ಲ. ಅದು ಮೇಲಿನಿಂದ ತೊಟ್ಟಿಕ್ಕಿದ ಎಂಜಿನ್ ಎಣ್ಣೆ. ಮೂಸಿ ನೋಡಿದ್ದರೆ ಒಂದು ಸೀಲಿನ ದುಡ್ಡು ಉಳಿಯುತ್ತಿತ್ತು.

ಇನ್ನೊಂದು ಮಾತು. ಪಿನಿಯನ್ ನಟ್ ಬಿಚ್ಚುವುದಾದರೆ ಮೊದಲು ನಟ್, ಶಾಫ್ಟ್, ಫ್ಲಾಂಜ್ ಮೂರರ ಮೇಲೂ ಒಂದೇ ಗೆರೆ ಎಳೆಸಿ, ಎಷ್ಟು ಸುತ್ತು ಬಿಚ್ಚಿದರು ಎಂದು ಎಣಿಸಿ. ಹಲವು ಆಕ್ಸಲ್‌ಗಳಲ್ಲಿ ಆ ನಟ್ಟಿನ ಬಿಗಿಯೇ ಒಳಗಿನ ಬೇರಿಂಗುಗಳ ಒತ್ತಡವನ್ನು ನಿರ್ಧರಿಸುತ್ತದೆ. ಗಾಳಿ ಗನ್ ಹಿಡಿದು ಕಿರ್ರನೆ ಬಿಗಿದರೆ ಸೋರಿಕೆ ನಿಲ್ಲಬಹುದು, ಬೇರಿಂಗ್ ಗೋಳಾಟ ಶುರುವಾಗುತ್ತದೆ.

ಎರಡನೆಯ ಗ್ಯಾರೇಜಿನ ಕಥೆ ಚಿಕ್ಕದು. ನಕಲ್‌ಗೆ ಇನ್ನಷ್ಟು ಗ್ರೀಸ್ ತುರುಕಿ ಕಳಿಸಿದರು. ಹತ್ತು ದಿನ ಸೋರಲಿಲ್ಲ. ಹನ್ನೊಂದನೆಯ ದಿನ ಎರಡರಷ್ಟು ಸೋರಿತು.

‘ಬ್ರೆದರ್ ಎಲ್ಲಿದೆ, ನೋಡಿದ್ದೀಯಾ?’

ಮೂರನೆಯವರು ಪುಣೆ ಪಕ್ಕದ ಭೋಸರಿಯ ಒಳರಸ್ತೆಯೊಂದರಲ್ಲಿ ತಗಡಿನ ಚಪ್ಪರದ ಕೆಳಗೆ ಕೆಲಸ ಮಾಡುವ ಹಿರಿಯ ಮಿಸ್ತ್ರಿ. ಊರು ಜತ್ತದ ಕಡೆಯದು. ಸಾಂಗಲಿ ಜಿಲ್ಲೆಯಾದರೂ ಮನೆಮಾತು ಕನ್ನಡ. ನಾನು ಮರಾಠಿಯಲ್ಲಿ ತಡವರಿಸುವುದನ್ನು ಕೇಳಿ ‘ಕನ್ನಡದಲ್ಲೇ ಹೇಳು ತಮ್ಮಾ’ ಎಂದರು. ಪೂರ್ತಿ ಕೇಳಿಸಿಕೊಂಡರು, ಆದರೆ ಪಾನಾಗೆ ಕೈ ಹಾಕಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ‘ಬ್ರೆದರ್ ಎಲ್ಲಿದೆ, ನೋಡಿದ್ದೀಯಾ?’

‘ಇಲ್ಲ ಕಾಕಾ.’

‘ಬಿಚ್ಚಿದವರು ನೋಡಿದರಾ?’

ಅದೂ ಇಲ್ಲ.

ಆಕ್ಸಲ್ ಕೊಳವೆಯ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಲೋಹದ ಟೋಪಿ ಇರುತ್ತದೆ, ಅದೇ ಬ್ರೆದರ್. ಒಳಗಿನ ಗಾಳಿ ಹೊರಹೋಗಲು ಇರುವ ದಾರಿ ಅದೊಂದೇ. ಅವರು ಅದನ್ನು ಬೆರಳಿನಿಂದ ತಡವಿ ಹುಡುಕಬೇಕಾಯಿತು, ಯಾಕೆಂದರೆ ಕಾಣುತ್ತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ತುಕ್ಕು ಹಿಡಿಯದಿರಲೆಂದು ಒಂದು ಕಡೆ ಅಂಡರ್‌ಕೋಟಿಂಗ್ ಮಾಡಿಸಿದ್ದೆ. ಆ ಕಪ್ಪು ಡಾಂಬರಿನಂಥ ಲೇಪ ಟೋಪಿಯ ಮೇಲೂ ದಪ್ಪಗೆ ಕೂತಿತ್ತು, ಅದರ ಮೇಲೆ ಘಾಟಿಯ ಕೆಮ್ಮಣ್ಣು. ಗಾಡಿ ಗಟ್ಟಿಯಾಗಲಿ ಎಂದು ಮಾಡಿಸಿದ ಕೆಲಸವೇ ಅದರ ಉಸಿರು ಕಟ್ಟಿಸಿತ್ತು.

ಉಸಿರು ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ನಿಂತ ಗಾಡಿಯ ಆಕ್ಸಲ್ 30 ಡಿಗ್ರಿ ಇದೆ ಎಂದುಕೊಳ್ಳಿ. ಫೋರ್‌ವೀಲ್ ಹಾಕಿ ಘಾಟಿ ಹತ್ತಿಸಿದ ಮೇಲೆ ಒಳಗಿನ ಎಣ್ಣೆ, ಗಾಳಿ 80 ಡಿಗ್ರಿ ತಲುಪಿತು ಎನ್ನೋಣ. ನಿರಪೇಕ್ಷ ಮಾಪನದಲ್ಲಿ ಅದು 303ರಿಂದ 353. ದಾರಿ ಮುಚ್ಚಿದ್ದರೆ ಒಳಗಿನ ಒತ್ತಡ ಸುಮಾರು ಆರನೆಯ ಒಂದು ಭಾಗದಷ್ಟು ಏರುತ್ತದೆ. ಸೀಟಿ ತುಕ್ಕು ಹಿಡಿದ ಕುಕ್ಕರಿನಂತೆ. ಸೀಲಿನ ತುಟಿ ಎಣ್ಣೆಯನ್ನು ಒರೆಸಿ ಹಿಡಿಯುವ ವಸ್ತು, ಒತ್ತಡ ತಡೆಯುವ ವಸ್ತುವಲ್ಲ. ಎಲ್ಲಿ ಸಡಿಲವಿದೆಯೋ ಅಲ್ಲಿ ಎಣ್ಣೆ ನುಸುಳುತ್ತದೆ.

ಅದಕ್ಕಿಂತ ಕೆಟ್ಟದ್ದು ನಡೆಯುವುದು ಇಳಿಯುವಾಗ. ಕಾದ ಆಕ್ಸಲ್ ತಣ್ಣನೆಯ ಹಳ್ಳದ ನೀರಿಗೆ ಇಳಿಯುತ್ತಲೇ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಬ್ರೆದರ್ ತೆರೆದಿದ್ದರೆ ಅಲ್ಲಿಂದ ಉಸಿರೆಳೆದುಕೊಳ್ಳುತ್ತಿತ್ತು. ಮುಚ್ಚಿದ್ದರೆ ಸೀಲಿನ ಸಂದಿಯಿಂದಲೇ ಎಳೆದುಕೊಳ್ಳಬೇಕು, ಮತ್ತು ಆ ಹೊತ್ತಿಗೆ ಸೀಲ್ ಇರುವುದು ನೀರಿನೊಳಗೆ. ತಾಮ್ಹಿಣಿಯಲ್ಲಿ ಮೊಣಕಾಲುದ್ದದ ಹರಿವಿನಲ್ಲಿ ಫೋಟೋ ತೆಗೆಸಿಕೊಳ್ಳಲೆಂದು ನಾನು ಗಾಡಿ ನಿಲ್ಲಿಸಿದ್ದೆ ಎಂಬುದನ್ನು ಕಾಕಾನಿಗೆ ಹೇಳಲಿಲ್ಲ. ಎಣ್ಣೆ ಇಳಿಸಿದಾಗ ಅದೇ ಹೇಳಿತು.

ಜಾಗ ಹುಡುಕುವ ಕ್ರಮ

ಏನನ್ನೂ ಬಿಚ್ಚದೆ ಮಾಡಬಹುದಾದ ಪರೀಕ್ಷೆಗಳಿವೆ. ಎಲ್ಲವೂ ಹೆಚ್ಚುಕಡಿಮೆ ಪುಕ್ಕಟೆ. ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ ರಾತ್ರಿ ಗಾಡಿಯ ಕೆಳಗೆ ಹಾಸಿ, ನಾಲ್ಕೂ ಗಾಲಿಗಳ ಜಾಗವನ್ನು ಪೆನ್ನಿನಲ್ಲಿ ಗುರುತಿಸಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ, ಎಷ್ಟು ಹನಿ, ಯಾವ ಬಣ್ಣ ಎಂಬುದು ತಕರಾರಿಲ್ಲದೆ ಗೊತ್ತಾಗುತ್ತದೆ. ಆದರೆ ನೆನಪಿರಲಿ, ರಟ್ಟು ತೋರಿಸುವುದು ಹನಿ ಬಿದ್ದ ಜಾಗವನ್ನು. ಹೊರಟ ಜಾಗ ಬೇರೆ ಇರಬಹುದು. ಓಡುವ ಗಾಡಿಯ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ಭೂಮಿ ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಒದ್ದೆಯಾಗಿರುವುದರಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರುವ ಜಾಗದ ಮೇಲೆ ಮೊದಲ ಅನುಮಾನ.

ಹಳೆಯ ಜಿಡ್ಡು ಇರುವವರೆಗೆ ಯಾವುದೂ ಕಾಣುವುದಿಲ್ಲ. ಡೀಸೆಲ್ ಮತ್ತು ಬ್ರಷ್ ಹಿಡಿದು ಆಕ್ಸಲ್ಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಿಕ್ಕಿ, ಬ್ರೇಕ್ ಡಿಸ್ಕಿಗೂ ಪ್ಯಾಡಿಗೂ ತಾಗದಂತೆ ನೋಡಿಕೊಂಡು, ಒರೆಸಿ ಒಣಗಿಸಿ. ಆಮೇಲೆ ಅನುಮಾನವಿರುವ ಕಡೆಗೆಲ್ಲ ಟಾಲ್ಕಂ ಪೌಡರ್ ಉದುರಿಸಿ. ಮನೆಯಲ್ಲಿ ರಂಗೋಲಿ ಪುಡಿ ಕೈಗೆ ಸಿಗುತ್ತದೆ ಎಂದು ಅದನ್ನು ಹಾಕಬೇಡಿ. ಅದು ಕಲ್ಲಿನ ಪುಡಿ, ಸೀಲಿನ ತುಟಿಗೆ ಸಿಕ್ಕರೆ ಅರದಂತೆ ಕೆಲಸ ಮಾಡುತ್ತದೆ. ಹಬ್ ಲಾಕ್ ಮಾಡಿ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಿಡಿದು ಮಲಗಿ ನೋಡಿ. ಪೌಡರಿನ ಮೇಲೆ ಗೆರೆ ಎಲ್ಲಿಂದ ಶುರುವಾಗಿದೆಯೋ ಅದೇ ಮೂಲ. ಹಬ್ ಲಾಕ್ ಆಗಿದ್ದರೂ ಗೇರು ಟೂವೀಲಿನಲ್ಲೇ ಇರಲಿ. ಒಣಗಿದ ಡಾಂಬರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿದರೆ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಬಿಗಿತ ಬಂದು ಹೊಸ ಕಾಯಿಲೆ ಹುಟ್ಟುತ್ತದೆ.

ಕಾಕಾ ಮಾಡಿದ್ದು ಇನ್ನೂ ಸರಳ. ಬ್ರೆದರ್ ಬಿಚ್ಚಿ, ಆ ತೂತಿಗೊಂದು ನಿಪ್ಪಲ್ ಕೂರಿಸಿ, ಒಂದು ಮಾರು ಪೈಪ್ ಸಿಕ್ಕಿಸಿ ನನ್ನ ಕೈಗೆ ಕೊಟ್ಟು ‘ಊದು’ ಎಂದರು. ತಾವು ಒಂದು ಮಗ್ಗಿನಲ್ಲಿ ಸಾಬೂನು ನೀರು ಕಲಸಿಕೊಂಡು ಬ್ರಷ್ಷಿನಿಂದ ಹಚ್ಚುತ್ತ ಹೋದರು. ಪಿನಿಯನ್ ಹತ್ತಿರ ಏನೂ ಇಲ್ಲ. ನಡುವಿನ ಕ್ಯಾರಿಯರ್ (ಕ್ರೌನ್, ಪಿನಿಯನ್ ಹೊತ್ತ ಭಾಗ) ಜೋಡಣೆಯ ಪ್ಯಾಕಿಂಗ್ ಹತ್ತಿರ ಏನೂ ಇಲ್ಲ. ಬಲ ನಕಲ್ ಶಾಂತ. ಎಡ ನಕಲಿನ ಬಳೆಯ ಕೆಳಗಂಚಿನಲ್ಲಿ ಮಾತ್ರ, ನಾನು ಊದಿದಾಗಲೆಲ್ಲ ಕಡಲೆಗಾತ್ರದ ಒಂದು ಗುಳ್ಳೆ ಉಬ್ಬಿ, ಒಡೆದು, ಮತ್ತೆ ಉಬ್ಬುತ್ತಿತ್ತು. ಹೌಸಿಂಗ್‌ಗೆ ಊದಿದ ಗಾಳಿ ನಕಲ್‌ನಲ್ಲಿ ಹೊರಬರಬೇಕಾದರೆ ಎರಡೂ ಬಾಗಿಲು ದಾಟಿರಲೇಬೇಕು. ಎರಡು ತಿಂಗಳ ಗೊಂದಲ ಆ ಒಂದು ಗುಳ್ಳೆಯಲ್ಲಿ ಮುಗಿಯಿತು. ಇದನ್ನು ಬಾಯಿಂದಲೇ ಮಾಡಬೇಕು. ಕಂಪ್ರೆಸರ್ ಪೈಪ್ ಹಚ್ಚಿದರೆ ಚೆನ್ನಾಗಿದ್ದ ಸೀಲುಗಳೂ ಕಿತ್ತು ಬರುತ್ತವೆ.

ಗುಳ್ಳೆ ಬೇರೆ ಕಡೆ ಬಂದರೆ ಅರ್ಥವೂ ಬೇರೆ. ಕ್ಯಾರಿಯರ್ ಜೋಡಣೆಯಲ್ಲಿ ಬಂದರೆ ಬೋಲ್ಟ್ ಸಡಿಲವಾಗಿರಬಹುದು ಅಥವಾ ಪ್ಯಾಕಿಂಗ್ ಹಳತಾಗಿರಬಹುದು. ಲೀಫ್ ಸ್ಪ್ರಿಂಗ್ ಕೂರುವ ಬೆಸುಗೆಯ ಹತ್ತಿರ ಬಂದರೆ ಹೌಸಿಂಗ್ ಬಿರುಕು ಬಿಟ್ಟಿದೆ, ಅದು ಸೀಲಿನ ಕೆಲಸವಲ್ಲ. ಡ್ರೇನ್ ಪ್ಲಗ್ಗಿನಲ್ಲಿ ಬಂದರೆ ದೇವರಿಗೆ ಒಂದು ಕಾಯಿ ಒಡೆದು ವಾಷರ್ ಬದಲಾಯಿಸಿ. ಎಲ್ಲೂ ಗುಳ್ಳೆ ಇಲ್ಲದೆ ಬ್ರೆದರ್ ಮಾತ್ರ ಕಟ್ಟಿಕೊಂಡಿದ್ದರೆ, ಅದನ್ನು ಶುಚಿ ಮಾಡಿ ಇನ್ನೂರು ಕಿಲೋಮೀಟರ್ ಓಡಿಸಿ ನೋಡಿ. ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಎಣ್ಣೆ ಅಳತೆ ಮೀರಿ ತುಂಬಿದ್ದರೂ ಹೀಗೆ ಒಸರುತ್ತದೆ. ಸಮತಟ್ಟು ನೆಲದಲ್ಲಿ ಫಿಲ್ಲರ್ ತೂತಿನ ಕೆಳ ಅಂಚಿಗೆ ಎಣ್ಣೆ ಬಂದರೆ ಅದೇ ಮಟ್ಟ. ಇಳಿಜಾರಿನಲ್ಲಿ ನಿಲ್ಲಿಸಿ ಅಳೆದರೆ ಮಟ್ಟ ಸುಳ್ಳು ಹೇಳುತ್ತದೆ.

ಗಾಡಿಯನ್ನು ತಕ್ಷಣ ನಿಲ್ಲಿಸಬೇಕಾದ ಸಂದರ್ಭ ಒಂದಿದೆ: ಬ್ರೇಕ್ ಒತ್ತಿದಾಗ ಒಂದು ಮಗ್ಗುಲಿಗೆ ಎಳೆಯತೊಡಗಿದರೆ. ಎಣ್ಣೆ ಡಿಸ್ಕಿಗೆ ತಲುಪಿರಬಹುದು. ಎಣ್ಣೆ ಕುಡಿದ ಪ್ಯಾಡನ್ನು ಉಜ್ಜಿ ಮತ್ತೆ ಹಾಕುವ ಜಿಪುಣತನ ಬೇಡ.

ಬಿಚ್ಚುವುದು

ಹಿಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಆಕ್ಸಲ್‌ನ ಕೆಳಗೆ ಸ್ಟ್ಯಾಂಡ್ ನಿಲ್ಲಿಸಿ. ಜ್ಯಾಕ್ ಎತ್ತುವುದಕ್ಕೆ ಇರುವುದು, ಹೊತ್ತು ನಿಲ್ಲುವುದಕ್ಕಲ್ಲ. ಎಣ್ಣೆ ಇಳಿಸುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದೆಯೇ ನೋಡಿ. ಕೆಳಗಿನದನ್ನು ತೆಗೆದು ಎಣ್ಣೆ ಖಾಲಿ ಮಾಡಿದ ಮೇಲೆ ಮೇಲಿನದು ಜಾಮ್ ಆಗಿರುವುದು ತಿಳಿದರೆ ಗಾಡಿ ಅಲ್ಲೇ ಠಿಕಾಣಿ.

ನಮ್ಮದರಲ್ಲಿ ಮೊದಲು ನೂರಿನ್ನೂರು ಮಿಲಿಯಷ್ಟು ಬರೀ ನೀರು ಬಂತು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ನೀರು ತಳಕ್ಕೆ ಇಳಿದಿರುತ್ತದೆ. ಅದರ ಹಿಂದೆ ಹಾಲು ಹೆಚ್ಚಾದ ಚಹಾದ ಬಣ್ಣದ ಎಣ್ಣೆ. ಕಾಕಾ ಬಟ್ಟಲಿನೊಳಗೆ ಬೆರಳು ಅದ್ದಿ ನನ್ನ ಮುಖ ನೋಡಿದರು. ‘ಹಳ್ಳದಲ್ಲಿ ಎಷ್ಟು ಹೊತ್ತು ನಿಲ್ಲಿಸಿದ್ದೆ?’

ಗಾಲಿ ತೆಗೆದು, ಕ್ಯಾಲಿಪರನ್ನು ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಬ್ರೇಕ್ ಪೈಪಿನಲ್ಲಿ ಜೋತಾಡಲು ಬಿಡಬಾರದು. ಫ್ರೀವೀಲ್ ಹಬ್, ಶಾಫ್ಟ್ ತುದಿಯ ಸರ್ಕ್ಲಿಪ್, ಹಬ್ ನಟ್ ಮತ್ತು ಅದರ ಲಾಕ್ ವಾಷರ್, ಬೇರಿಂಗ್ ಸಮೇತ ಹಬ್, ಆಮೇಲೆ ಸ್ಪಿಂಡಲ್ (ಹಬ್ ಕೂರುವ ಟೊಳ್ಳು ಗೂಟ), ಈ ಕ್ರಮದಲ್ಲಿ ಬಿಚ್ಚಿ. ಸ್ಪಿಂಡಲ್ ಅಂಟಿಕೊಂಡಿರುತ್ತದೆ. ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಬೇಕು, ಉಳಿ ಇಟ್ಟು ಹೊಡೆಯಬಾರದು. ಶಾಫ್ಟನ್ನು ಎರಡೂ ಕೈಯಲ್ಲಿ ಹೊತ್ತು ನೇರವಾಗಿ ಎಳೆಯಬೇಕು.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಶಾಫ್ಟಿನ ಮೇಲೆ ಸೀಲಿನ ತುಟಿ ಕೂರುವ ಜಾಗದಲ್ಲಿ ಹೊಳೆಯುವ ಪಟ್ಟಿಯೊಂದಿರುತ್ತದೆ. ಅದರ ಮೇಲೆ ಉಗುರು ಎಳೆದು ನೋಡಿ. ಉಗುರು ತಡೆದರೆ ಅಲ್ಲಿ ಗೀರು ಬಿದ್ದಿದೆ. ಎಷ್ಟು ಒಳ್ಳೆಯ ಹೊಸ ಸೀಲ್ ಹಾಕಿದರೂ ಎಣ್ಣೆ ಆ ಗೀರಿನಿಂದ ಹರಿಯುತ್ತದೆ. ನಮ್ಮದರಲ್ಲಿ ಗೀರು ತೆಳುವಾಗಿತ್ತು. ಸೀಲನ್ನು ಒಂದೂವರೆ ಮಿಲಿಮೀಟರಿನಷ್ಟು ಆಚೆ ಕೂರಿಸಿ ತುಟಿ ಹೊಸ ಜಾಗದ ಮೇಲೆ ಬೀಳುವಂತೆ ಮಾಡಿದರು. ಗೀರು ಆಳವಿದ್ದರೆ ಶಾಫ್ಟಿಗೆ ತೆಳು ಸ್ಲೀವ್ ಹಾಕಿಸಬೇಕು, ಇಲ್ಲವೇ ಶಾಫ್ಟೇ ಬೇರೆ. ಸ್ಪಿಂಡಲ್ ಒಳಗಿನ ಹಿತ್ತಾಳೆ ಬುಶ್ಶನ್ನೂ ನೋಡಿ. ಅದು ಸವೆದಿದ್ದರೆ ಶಾಫ್ಟ್ ಒಲೆಯುತ್ತದೆ, ಒಲೆಯುವ ಶಾಫ್ಟ್ ಸೀಲನ್ನು ಒಂದು ಕಡೆಗೇ ತಿನ್ನುತ್ತದೆ. ನಮ್ಮ ಹಳೆಯ ಸೀಲಿನ ತುಟಿ ಮೇಲೆ ದಪ್ಪ, ಕೆಳಗೆ ಕಾಗದದಷ್ಟು ತೆಳು. ಬುಶ್ ಬದಲಾಯಿಸದೆ ಬೇರೆ ದಾರಿ ಇರಲಿಲ್ಲ.

ನಾನಾ ಪೇಠೆ

ಪುಣೆಯಲ್ಲಿ ಬಿಡಿಭಾಗವೆಂದರೆ ನಾನಾ ಪೇಠೆ. ಹೋಗುವಾಗ ಹಳೆಯ ಸೀಲನ್ನು ಒರೆಸಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಅದರ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಳತೆ ಅಥವಾ ಭಾಗದ ಸಂಖ್ಯೆ ಅಚ್ಚಾಗಿರುತ್ತದೆ. ಗಾಡಿಯ ಹೆಸರು ಹೇಳಿ ಕೇಳಿದರೆ ಅಂಗಡಿಯವರು ನೆನಪಿನಿಂದ ಕೊಡುತ್ತಾರೆ. ಅಳತೆ ಹೇಳಿದರೆ ಹುಡುಕಿ ಕೊಡುತ್ತಾರೆ. ಅಲ್ಲಿ ‘ನಕಲ್ ಕಿಟ್’ ಎಂದು ಕೇಳಿ ಪಡೆದ ಮೊದಲ ಪೊಟ್ಟಣ ನಿಜಕ್ಕೂ ನಕಲಿಯೇ ಆಗಿತ್ತು: ತುಟಿಯ ಹಿಂದೆ ಇರಬೇಕಾದ ಸ್ಪ್ರಿಂಗ್ ಉಂಗುರ ಕೈಯಲ್ಲೇ ಕಳಚಿತು. ಬೇರೆ ಅಂಗಡಿಯಲ್ಲಿ ಒಳಸೀಲ್, ಹೊರಬಳೆ, ಫೆಲ್ಟ್, ಬುಶ್, ಲಾಕ್ ವಾಷರ್ ಎಲ್ಲ ಸಿಕ್ಕಿತು. ಎರಡೂ ಕಡೆಗೆ ಆಗುವಷ್ಟು ತಂದೆ. ಎಡಕ್ಕೆ ಬಂದದ್ದು ಬಲಕ್ಕೆ ಬರಲು ಎಷ್ಟು ಹೊತ್ತು?

ಕೂರಿಸುವುದು

ಸೀಲಿನ ಸ್ಪ್ರಿಂಗ್ ಇರುವ ಮಗ್ಗುಲು ಎಣ್ಣೆಯ ಕಡೆಗೆ ಇರಬೇಕು. ಇದನ್ನು ಉಲ್ಟಾ ಹಾಕಿದವರನ್ನು ನಾನು ಬಲ್ಲೆ, ಹೆಸರು ಹೇಳುವುದಿಲ್ಲ. ತುಟಿಗೆ ಗೇರ್ ಆಯಿಲ್ ಸವರಿ, ಸೀಲಿನ ಹೊರಅಂಚಿಗೆ ಸರಿಯಾಗಿ ಕೂರುವ ಗುಂಡನೆಯ ತುಂಡೊಂದನ್ನು ಇಟ್ಟು ಸಮನಾಗಿ ತಟ್ಟಬೇಕು. ಕಾಕಾ ಬಳಿ ಲೇತ್‌ನಲ್ಲಿ ತಿರುವಿಸಿದ ನೈಲಾನ್ ತುಂಡುಗಳ ಒಂದು ಡಬ್ಬಿಯೇ ಇತ್ತು, ಮಕ್ಕಳ ಬುಗುರಿಗಳ ಹಾಗೆ. ನಿಮ್ಮಲ್ಲಿ ಅದಿಲ್ಲದಿದ್ದರೆ ದೊಡ್ಡ ಸಾಕೆಟ್ ಸಾಕು. ನೇರವಾಗಿ ಸುತ್ತಿಗೆಯಿಂದ ಹೊಡೆದರೆ ಸೀಲ್ ಒಂದು ಕಡೆ ಓರೆಯಾಗುತ್ತದೆ.

ಹೊರಬಳೆ ಹಾಕಲು ನಕಲ್ ಬಿಚ್ಚಬೇಕು. ಕಿಂಗ್ ಪಿನ್ ತೆಗೆಯಬೇಕು. ಕಿಂಗ್ ಪಿನ್ನಿನ ಕೆಳಗೆ ಕಾಗದದಂಥ ತೆಳು ಶಿಮ್‌ಗಳಿರುತ್ತವೆ. ಮೇಲಿನವು ಮೇಲಕ್ಕೆ, ಕೆಳಗಿನವು ಕೆಳಕ್ಕೇ ಮರಳಬೇಕು, ಒಂದೂ ಕಳೆಯಬಾರದು. ನಾನು ಎರಡು ಬೇರೆ ಬೇರೆ ಊಟದ ಡಬ್ಬಿಗಳಲ್ಲಿ ಹಾಕಿಟ್ಟೆ. ಜೋಡಿಸುವಾಗ, ಹೊರಬಳೆಯನ್ನು ಬಿಗಿಯುವ ಮೊದಲು, ಸ್ಟಿಯರಿಂಗ್ ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಕಲ್ ಎಳೆದು, ಎಷ್ಟು ಬಲಕ್ಕೆ ಕದಲುತ್ತದೆ ಎಂದು ನಿಮ್ಮ ಗಾಡಿಯ ಸರ್ವಿಸ್ ಕೈಪಿಡಿಯ ಅಂಕಿಗೆ ಹೋಲಿಸಬೇಕು. ಸಡಿಲವಿದ್ದರೆ ನಕಲ್ ಕುಣಿದು ಹೊಸ ಬಳೆಯನ್ನೂ ಹರಿಯುತ್ತದೆ.

ಬಳೆಯನ್ನು ಓರೆಯಾಗಿ ಕತ್ತರಿಸಿ, ನಕಲ್ ಬಿಚ್ಚದೆಯೇ ಸುತ್ತಿ ಕೂರಿಸುವ ಉಪಾಯವೂ ಇದೆ. ಕಾಕಾ ಅದನ್ನು ಬೈಯಲಿಲ್ಲ. ‘ಘಾಟಿಯ ನಡುವೆ ಸಿಕ್ಕಿಕೊಂಡರೆ ಮಾಡು, ಕತ್ತರಿಸಿದ ಜಾಗ ಮೇಲಕ್ಕಿರಲಿ’ ಎಂದರು. ಒಳಸೀಲ್ ಗಟ್ಟಿಯಿದ್ದರೆ ಅದು ಕೆಲಕಾಲ ನಡೆಯುತ್ತದೆ.

ಗುಂಡಿನ ಮೈ ನೋಡದೆ ಬಳೆ ಹಾಕಿದರೆ ಎಲ್ಲ ವ್ಯರ್ಥ. ನಮ್ಮದರ ಕೆಳಭಾಗದಲ್ಲಿ ಸಿಡುಬಿನ ಕಲೆಯಂತೆ ತುಕ್ಕಿನ ಗುಳಿಗಳಿದ್ದವು. ಗುಳಿಗಳಿಗೆ ಲೋಹಕ್ಕೆ ಹಚ್ಚುವ ಎಪಾಕ್ಸಿ ತುಂಬಿ, ರಾತ್ರಿ ಒಣಗಲು ಬಿಟ್ಟು, ಬೆಳಿಗ್ಗೆ ನಯ ಎಮರಿ ಕಾಗದದಿಂದ ಅಂಗೈಗೆ ತಡೆಯದಷ್ಟು ಉಜ್ಜಿದೆವು. ಉಜ್ಜಿದವನು ನಾನು, ಕಾಕಾ ಆಗಾಗ ಬಂದು ಹೆಬ್ಬೆರಳು ಸವರಿ ‘ಇನ್ನೂ’ ಎಂದು ಹೋಗುತ್ತಿದ್ದರು.

ಸಿವಿ ಜಾಯಿಂಟನ್ನು ಪೆಟ್ರೋಲಿನಲ್ಲಿ ತೊಳೆದು, ಹಳೆಯ ಗಂಜಿಯನ್ನೆಲ್ಲ ಬಳಿದು ತೆಗೆದು, ಮಾಲಿ (ಮಾಲಿಬ್ಡಿನಮ್ ಬೆರೆಸಿದ) ಗ್ರೀಸ್ ತುಂಬಿದೆವು. ಕೋಣೆಯನ್ನು ಗಂಟಲಮಟ್ಟ ತುಂಬಬಾರದು, ಬಿಸಿಯಾದಾಗ ಹಿಗ್ಗಲು ಜಾಗ ಬೇಕು. ಹೌಸಿಂಗ್‌ಗೆ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಎಣ್ಣೆ. ಎರಡು ಲೀಟರಿನ ಆಸುಪಾಸು ಹಿಡಿಯಿತು. ನೀರು ಹೊಕ್ಕಿದ್ದ ಗಾಡಿಯಾದ್ದರಿಂದ ಆ ಎಣ್ಣೆಯನ್ನೂ ಮುನ್ನೂರು ಕಿಲೋಮೀಟರ್ ಆದ ಮೇಲೆ ಇಳಿಸಿ ಹೊಸದು ಹಾಕಿದೆ.

ಉಸಿರಿನ ಕೊಳವೆ

ಹಳೆಯ ಟೋಪಿಯನ್ನು ಮತ್ತೆ ಹಾಕಲಿಲ್ಲ. ಅದರ ಜಾಗದ ನಿಪ್ಪಲ್ಲಿಗೆ ಪೆಟ್ರೋಲ್ ಪೈಪಿನ ರಬ್ಬರ್ ಕೊಳವೆ ಸಿಕ್ಕಿಸಿ, ಎಂಜಿನ್ ಕೋಣೆಯೊಳಗೆ ಬ್ಯಾಟರಿಗಿಂತ ಎತ್ತರಕ್ಕೆ ಒಯ್ದು, ತುದಿಗೆ ಬೈಕಿನ ಚಿಕ್ಕ ಪೆಟ್ರೋಲ್ ಫಿಲ್ಟರ್ ಹಾಕಿ ಬಾಯಿ ಕೆಳಗಿರುವಂತೆ ಕಟ್ಟಿದೆವು. ಆಕ್ಸಲ್ ಮೇಲೆ ಕೆಳಗೆ ಆಡುವುದರಿಂದ ಕೊಳವೆಯಲ್ಲಿ ಒಂದು ಗೇಣು ಸಡಿಲ ಬಿಡಬೇಕು; ಸೈಲೆನ್ಸರ್ ಹತ್ತಿರ ಸುಳಿಯಬಾರದು. ಹಿಂದಿನ ಆಕ್ಸಲ್‌ಗೂ ಇದೇ ಉಪಚಾರ ಮಾಡಿಸಿದೆ. ಇನ್ನು ಅಂಡರ್‌ಕೋಟಿಂಗ್ ಮಾಡಿಸುವವರು ಮೊದಲೇ ಎರಡೂ ಬ್ರೆದರಿಗೆ ಟೇಪ್ ಸುತ್ತಿ ಕಳಿಸಿ, ಬಂದ ಮೇಲೆ ಮರೆಯದೆ ಬಿಚ್ಚಿ.

ತಿಂಗಳಿಗೊಮ್ಮೆ ಹಬ್ ಲಾಕ್ ಮಾಡಿ ಹತ್ತು ಹದಿನೈದು ಕಿಲೋಮೀಟರ್ ಓಡಿಸುತ್ತೇನೆ. ಶಾಫ್ಟ್ ತಿರುಗಿದರೆ ಮಾತ್ರ ಸೀಲಿನ ತುಟಿಗೆ ಎಣ್ಣೆ ತಾಗುತ್ತದೆ. ವರ್ಷಗಟ್ಟಲೆ ಒಣಗಿ ಕೂತ ತುಟಿ ಮೊದಲ ದಿನದ ಓಟದಲ್ಲೇ ಹರಿಯುತ್ತದೆ.

ಮುಂದೆ ಸ್ವತಂತ್ರ ಸಸ್ಪೆನ್ಷನ್ ಇರುವ ಗಾಡಿಗಳಲ್ಲಿ ಈ ಗುಂಡು, ಬಳೆ ಯಾವುದೂ ಇರುವುದಿಲ್ಲ. ಅಲ್ಲಿ ಡಿಫರೆನ್ಷಿಯಲ್‌ನ ಎರಡೂ ಪಕ್ಕದ ಸೀಲುಗಳನ್ನು ಮತ್ತು ಸಿವಿ ಜಾಯಿಂಟಿನ ರಬ್ಬರ್ ಚೀಲವನ್ನು ನೋಡಬೇಕು. ಚೀಲ ಹರಿದಿದ್ದರೆ ಗಾಲಿಯ ಒಳಮೈಗೆ ಗ್ರೀಸ್ ಸಿಡಿದಿರುತ್ತದೆ. ಬ್ರೆದರ್ ಪರೀಕ್ಷೆ ಮಾತ್ರ ಅಲ್ಲಿಯೂ ಇದೇ.

ದುರಸ್ತಿಯಾದ ದಿನ ಇಪ್ಪತ್ತು ಕಿಲೋಮೀಟರ್ ಓಡಿಸಿ ಎರಡೂ ಹಬ್ ಮುಟ್ಟಿ ನೋಡಿದೆ, ಬಿಸಿ ಸಮನಾಗಿತ್ತು. ನೂರು ಕಿಲೋಮೀಟರಿಗೆ ಗಾಲಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿದೆ. ಗುಂಡಿನ ಮೇಲೆ ಗ್ರೀಸಿನ ತೆಳು ಹೊಳಪು ಕಾಣುತ್ತದೆ, ಅದು ಇರಬೇಕಾದದ್ದೇ. ಪೂರಾ ಒಣಗಿದ್ದರೆ ತುಕ್ಕು ಶುರುವಾಗುತ್ತದೆ. ಎಂಟು ದಿನ ರಟ್ಟು ಹಾಸಿ ನೋಡಿದೆ. ಎಡಗಾಲಿಯ ಗುರುತಿನ ಹತ್ತಿರ ಏನೂ ಇಲ್ಲ. ರಟ್ಟಿನ ನಡುವೆ, ಪಿನಿಯನ್ ಬರುವ ಜಾಗಕ್ಕೆ ಸರಿಯಾಗಿ, ಎರಡು ಕಂದು ಹನಿ ಇವೆ. ಗಂಧಕದ ವಾಸನೆ ಇಲ್ಲ. ಮುಂದಿನ ಭಾನುವಾರಕ್ಕೆ ಎಂಜಿನ್ನಿನ ಟ್ಯಾಪೆಟ್ ಕವರ್ ಪ್ಯಾಕಿಂಗ್ ತಂದಿಟ್ಟುಕೊಂಡಿದ್ದೇನೆ.